ಅರ್ಧ ನಿದ್ದೆಯ ಆಪರೇಷನ್

ಮನುಷ್ಯನ ಮೇಲರ್ಧ ಎಚ್ಚರವಾಗಿದ್ದು ಕೆಳಗಿನರ್ಧ ಮಾತ್ರ ನಿದ್ದೆ ಹೋಗುವುದು ಎಂದೂ ಆಗದ ಮಾತು ಎಂದು ಸಾರಿದವಳು ನನ್ನ ಅಪ್ಪನ ಅಕ್ಕ ಪಾಪಮ್ಮತ್ತೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತ ಮೂರು ಭಾಷೆಗಳಲ್ಲಿ ಜಗಳವಾಡಬಲ್ಲ ಅವಳಿಗೆ ಓದುಬರಹ ಇರಲಿಲ್ಲ. ಅನುಮಾನ ಮಾತ್ರ ಧಾರಾಳವಾಗಿತ್ತು. "ಕುಯ್ಯೋವಾಗ ಎಚ್ಚರ ಇರ್ತೀಯಂತೆ, ನೋವೇ ಆಗಲ್ವಂತೆ! ಕುರಿಗೂ ಇಂಗೇ ಯೋಳ್ತಾರೇನೋ, ಯಾರಿಗ್ಗೊತ್ತು?" ಎಂದಳು. ನಮ್ಮ ವಂಶದಲ್ಲೇ ಮೊದಲ ಪದವೀಧರನಾದ ನಾನು "ಅತ್ತೆ, ಅದು ಸೈನ್ಸು, ನಿನಗೆ ಗೊತ್ತಾಗಲ್ಲ" ಎಂದು ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಗಣಿತ. ಬೆನ್ನಿಗೆ ಹಾಕುವ ಸೂಜಿಯ ಬಗ್ಗೆ ಸೊಪ್ಪು ಮಾರುವವಳಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು.

ಕಾಲು ಮುರಿದದ್ದೂ ಪದವಿಯಿಂದಲೇ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸದ ಆರ್ಡರು ಜೇಬಿನಲ್ಲಿತ್ತು. ಪದವೀಧರನಾದವನು ಎಲ್ಲರ ಜೊತೆ ನೂಕಾಡಿಕೊಂಡು ರೈಲಿಳಿಯುವುದೇ ಎಂದುಕೊಂಡು, ಗಾಡಿ ನಿಲ್ಲುವ ಮೊದಲೇ ಠೀವಿಯಿಂದ ಪ್ಲಾಟ್‌ಫಾರಂಗೆ ಕಾಲಿಟ್ಟೆ. ಠೀವಿ ಮುಂದಕ್ಕೆ ಹೋಯಿತು, ಮೊಣಕಾಲಿನ ಕೆಳಗಿನ ಮೂಳೆ ಎರಡಾಯಿತು. ಹೆಡ್‌ಮಾಸ್ಟರು ಒಳ್ಳೆಯವರು. ಮೂರು ತಿಂಗಳು ಜಾಗ ಖಾಲಿ ಇಟ್ಟಿರುತ್ತೇನೆ, ಆಮೇಲೆ ನಡೆದುಕೊಂಡು ಬಂದು ಫಿಟ್‌ನೆಸ್ ಸರ್ಟಿಫಿಕೇಟು ಕೊಡಬೇಕು ಎಂದರು. ಕೊಡದಿದ್ದರೆ ಬೇರೆಯವರು ಬರುತ್ತಾರೆ. ಕಾಲು ಕೂಡದೆ ಹೋದರೆ ಕೆಲಸವೂ ಇಲ್ಲ. ಹದಿನಾರು ವರ್ಷದ ಓದು ಮೂಲೆಗೆ.

ಅಪ್ಪ ಊರಿಗಾಂನ ಚಿನ್ನದ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆನಿಕೆ ಕೊಡುವ ಕೆಲಸದವನು. ಕೆಳಗಿಳಿದರೆ ಮೊದಲು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ಕುಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಶಬ್ದ ಬಂದರೆ ಒಳಗೆ ಹೋಗಬಹುದು, ಡೊಳ್ಳಿನಂಥ ಟೊಳ್ಳು ಶಬ್ದ ಬಂದರೆ ಆಚೆ ಓಡಬೇಕು. ಆಪರೇಷನ್ನಿನ ಬೆಳಿಗ್ಗೆ ಅವನು ನನ್ನ ಮಂಚದ ಪಕ್ಕ ನಿಂತು ಹೇಳಿದ್ದು ಒಂದೇ ಮಾತು: "ಡಾಕ್ಟ್ರು ಕುಟ್ಟಿ ಕೇಳ್ತಾರೆ. ಐತೆ ಅಂದ್ರೆ ಐತೆ ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ಮೇಸ್ತ್ರಿ ಮೆಚ್ಚಲಿ ಅಂತ ಡೊಳ್ಳು ಬಂಡೇನ ಗಟ್ಟಿ ಅಂದೋನು ಮೇಲಕ್ಕೆ ಬರಲ್ಲ ಕಣ್ಲಾ." ಗಣಿಯ ಮಾತು ಆಸ್ಪತ್ರೆಗೇಕೆ ಎಂದು ನಾನು ನಕ್ಕೆ.

ಆಪರೇಷನ್ ಕೋಣೆಯಲ್ಲಿ ಅರಿವಳಿಕೆಯ ಮತ್ತು ಕೊಡುವ ಡಾಕ್ಟರು ನನ್ನನ್ನು ಪಕ್ಕಕ್ಕೆ ಮಲಗಿಸಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಸೂಜಿ ಹಾಕಿದರು. ಪಾದಗಳು ಬೆಚ್ಚಗಾದವು. ಸ್ವಲ್ಪ ಹೊತ್ತಿಗೆ ಅವರು ಒಂದು ಗುಂಡುಪಿನ್ನು ಹಿಡಿದು ಚೆನ್ನಾಗಿದ್ದ ಕಾಲಿಗೆ ಚುಚ್ಚಿ "ಗೊತ್ತಾಗುತ್ತಾ?" ಎಂದರು. ಚೆನ್ನಾಗಿಯೇ ಗೊತ್ತಾಯಿತು. ಆದರೆ ಪ್ರಶ್ನೆ ಕೇಳಿದ ಕೂಡಲೇ ನನ್ನೊಳಗಿನ ಪರೀಕ್ಷೆಯ ಹುಡುಗ ಎದ್ದು ಕೂತ. ಮತ್ತು ಕೊಟ್ಟಾಗಿದೆ, ಹಾಗಾದರೆ ಸರಿಯುತ್ತರ 'ಇಲ್ಲ' ತಾನೇ? "ಇಲ್ಲ ಸಾರ್" ಎಂದೆ. ತೊಡೆಗೆ ಚುಚ್ಚಿದರು. ಹಲ್ಲು ಕಚ್ಚಿ "ಏನೂ ಇಲ್ಲ ಸಾರ್" ಎಂದೆ. ನೂರಕ್ಕೆ ನೂರು ಬಂದ ಹಾಗಾಯಿತು.

ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಕೈಗವಸು ತೊಟ್ಟು ಕತ್ತಿಗೆ ಕೈ ಚಾಚಿದರು. ಇವತ್ತಿಗೂ ಆ ಕತ್ತಿ ನೆನೆದರೆ ಬೆವರುತ್ತೇನೆ.

"ತಾಳಿ" ಎಂದರು ಮತ್ತಿನ ಡಾಕ್ಟರು. "ಮೇಷ್ಟ್ರೇ, ನಿಮ್ಮ ಬಾಯಿ ಇಲ್ಲ ಅಂತಿದೆ. ನಿಮ್ಮ ಕಾಲ್ಬೆರಳು ಚುಚ್ಚಿದಾಗೆಲ್ಲ ಹಾರುತ್ತಿದೆ. ಯಾರನ್ನ ನಂಬಲಿ?"

ಅಪ್ಪನ ಸಲಾಕೆಯ ಶಬ್ದ ಕಿವಿಯಲ್ಲಿ ಕೇಳಿಸಿತು. "ಬೆರಳನ್ನೇ ನಂಬಿ ಸಾರ್" ಎಂದೆ. ಕಾದರು, ಮತ್ತೆ ಚುಚ್ಚಿದರು. ಈ ಸಲ ನಿಜವಾಗಿಯೂ ಏನೂ ಇರಲಿಲ್ಲ.

ಎದೆಯ ಮೇಲೆ ಅಡ್ಡ ಬಟ್ಟೆ ಕಟ್ಟಿದರು. ಸಮಾಧಾನದಿಂದ ಕಣ್ಣು ಬಿಟ್ಟರೆ ಬಟ್ಟೆಯಾಚೆ ಒಂದು ಕಾಲು ಗಾಳಿಯಲ್ಲಿ ನೆಟ್ಟಗೆ ಎದ್ದಿದೆ. ಬೂದಿ ಬಣ್ಣ, ಹಳದಿ ಔಷಧ ಸುರಿಯುತ್ತಿದೆ. ನನ್ನ ಕಾಲುಗಳು ಮೇಜಿನ ಮೇಲೆ ಮಟ್ಟಸವಾಗಿ ಮಲಗಿರುವುದು ನನಗೆ ಖಚಿತವಾಗಿತ್ತು. "ಸಾರ್! ಯಾರದೋ ಕಾಲು ಇಲ್ಲಿಗೆ ಬಂದಿದೆ!" ಎಂದು ಕಿರುಚಿದೆ. ಅದನ್ನು ಎತ್ತಿ ಹಿಡಿದಿದ್ದ ಅಟೆಂಡರು ಬಗ್ಗಿ ನೋಡಿ, "ತಂಬಿ, ಅದು ಉನ್ ಕಾಲುದಾನ್ ಪಾ!" ಎಂದ. ನನ್ನದೇ ಕಾಲು. ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ ಕಾಲನ್ನು ಎದುರಿಗೆ ಕಂಡೂ ಗುರುತು ಹಿಡಿಯದವನು ಮಕ್ಕಳಿಗೆ ಏನು ಕಲಿಸುತ್ತಾನೆ?

ವಾರ್ಡಿಗೆ ತಂದ ಮೇಲೆ ಅಪ್ಪ ಬೆರಳ ಗೆಣ್ಣಿನಿಂದ ನನ್ನ ಒಳ್ಳೆಯ ಕಾಲನ್ನು ಕುಟ್ಟುತ್ತ ಕೂತ. "ಐತಾ?" "ಇಲ್ಲಪ್ಪ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಐತಾ?" ಪ್ರತಿ ಸಲ 'ಇಲ್ಲ' ಎಂದಾಗಲೂ ಅವನ ಮುಖ ಸಣ್ಣದಾಗುತ್ತಿತ್ತು. ಸಂಜೆಗೆ ಜುಮ್ಮೆಂದಿತು. "ಐತೆ!" ಎಂದೆ. ಅಪ್ಪ ಮುಖಕ್ಕೆ ಟವಲು ಹಾಕಿಕೊಂಡು ಆಚೆ ಎದ್ದು ಹೋದ.

ಮೂರನೇ ತಿಂಗಳ ಕೊನೆಯ ವಾರದಲ್ಲಿ, ಕೋಲೂರಿಕೊಂಡಾದರೂ ನನ್ನ ಕಾಲ ಮೇಲೆಯೇ ಆಸ್ಪತ್ರೆಯ ವರಾಂಡ ನಡೆದು ತೋರಿಸಿದೆ. ದೊಡ್ಡ ಡಾಕ್ಟರು ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಹಾಕಿ ಕೈಗಿತ್ತರು. ಅದರ ಮೇಲೆ ನನ್ನ ಹೆಸರು, ಮುಂದೆ ಬಿ.ಎಸ್ಸಿ. ನಾನು ಅದನ್ನು ಪಾಪಮ್ಮತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಕಾಲೆತ್ತಿ ಹಿಡಿದಿದ್ದ ಆ ಅಟೆಂಡರು ಅವಳ ಹತ್ತಿರವೇ ಸೊಪ್ಪು ಕೊಳ್ಳುವವನು, ಒಳಗೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲ.

ಅತ್ತೆ ಕಾಗದ ನೋಡಲಿಲ್ಲ. ನನ್ನ ಪಾದ ನೋಡಿದಳು.

"ನಿನ್ನೆಸ್ರು ಯಾಕ್ಲಾ ಬರದವ್ರೆ?" ಎಂದಳು. "ಅಲ್ಲಿ ನಿಜ ಯೋಳಿದ್ದು ಓದ್ದೇ ಇರೋ ಆ ಬೆರಳು."