ಮಂಚಯ್ಯನ ಗಾಡಿಗೆ ಕಡಾಣಿ ಇತ್ತೆಂಬ ಬಗ್ಗೆ

ಇಂದ,
ಮಂಚಯ್ಯ, ಎತ್ತಿನ ಗಾಡಿ ಹೊಡೆಯುವವನು,
ಹಿರೀಸಾವೆ, ಚನ್ನರಾಯಪಟ್ಟಣ ತಾಲ್ಲೂಕು.

ಗೆ,
ಶ್ರೀಮಾನ್ ತಿರುನಾರಾಯಣ ಅಯ್ಯಂಗಾರ್ ಅವರು,
ಲಾರಿ ಯಜಮಾನರು, ಹೊಳೆನರಸೀಪುರ.

ತಾರೀಖು: 9ನೇ ಮಾರ್ಚ್ 1958

ವಿಷಯ: ತಮ್ಮ ಲಾರಿಯ ಬ್ರೇಕಿನ ಹತ್ತಿರ ಅರಚುತ್ತಿದ್ದದ್ದು ಅರ್ಜಿದಾರನ ಕಡಾಣಿಯೇ ಎಂದು ಗೊತ್ತಾದ ಕಾರಣ, ಮುಚ್ಚಳಿಕೆಯ ಒಂದು ಸಾಲನ್ನು ಹೊಡೆದುಹಾಕುವ ಬಗ್ಗೆ.

ಉಲ್ಲೇಖ: 1. ಸಂಕ್ರಾಂತಿ ಕಳೆದ ನಾಲ್ಕನೇ ದಿನ ತಮ್ಮ ಗುಮಾಸ್ತರು ಲಾರಿಯ ಮೂತಿಯ ಮೇಲೆ ಕಾಗದವಿಟ್ಟು ಬರೆದ ಮುಚ್ಚಳಿಕೆ.
2. ಸದರಿ ಲಾರಿಯ ಅರಚಾಟ, ಅಂದಿನಿಂದ ಮೊನ್ನೆ ಶುಕ್ರವಾರದವರೆಗೆ.

ಮಾನ್ಯರೇ,

1. ಅರ್ಜಿದಾರನು ನಲವತ್ತೊಂದು ವರ್ಷದಿಂದ ಗಾಡಿ ಹೊಡೆಯುತ್ತಿದ್ದಾನೆ. ಗಾಲಿ ಕಳಚಿಹೋಗದಂತೆ ಅಚ್ಚಿನ ತುದಿಗೆ ತೂರಿಸುವ ಕಬ್ಬಿಣದ ಕಡಾಣಿಯನ್ನು ಎರಡೂ ಕಡೆ ಕೈಯಿಂದ ಮುಟ್ಟಿ ನೋಡದೆ ಅವನು ಎಂದೂ ಹೊರಟವನಲ್ಲ. ತನ್ನ ಮದುವೆಯ ದಿನವೂ ದಿಬ್ಬಣವನ್ನು ನಿಲ್ಲಿಸಿ ಮುಟ್ಟಿ ನೋಡಿದ್ದನ್ನು ಹೆಂಡತಿ ಮಾದಮ್ಮ ಈಗಲೂ ಆಡಿಕೊಳ್ಳುತ್ತಾಳೆ.

2. ಸದರಿ ದಿನ ತಮ್ಮ ಲಾರಿಯು ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದು, ಅರ್ಜಿದಾರನು ಎದುರಿನಿಂದ ರಾಗಿಹುಲ್ಲು ಹೇರಿಕೊಂಡು ಹೋಗುತ್ತಿದ್ದು, ಮೋರಿಯ ಹತ್ತಿರ ಲಾರಿಯು ಗಾಡಿಯ ಬಲಗಾಲಿಗೆ ಬಡಿಯಿತು. ಗಾಲಿ ಕಳಚಿ ಗದ್ದೆಗೆ ಉರುಳಿತು. ಎತ್ತುಗಳಿಗೆ ಏನೂ ಆಗಲಿಲ್ಲ. ಜನ ಓಡಿಬರುವಷ್ಟರಲ್ಲಿ ಅವು ಚೆಲ್ಲಿದ ಹುಲ್ಲನ್ನು ತಿನ್ನತೊಡಗಿದ್ದವು. ಲಾರಿ ಓಡಿಸುತ್ತಿದ್ದವನು ತಮ್ಮಯ್ಯ. ಇವನು ಅರ್ಜಿದಾರನ ಸ್ವಂತ ಅಳಿಯ.

3. ಕಡಾಣಿಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲವಾದ ಕಾರಣ, ಗುಮಾಸ್ತರು "ಕಡಾಣಿ ಇರಲಿಲ್ಲವಾಗಿ ಗಾಲಿಯು ತಾನಾಗಿ ಕಳಚಿ ಲಾರಿಗೆ ಬಂದು ತಗುಲಿತು" ಎಂದು ಬರೆದರು. ಗಾಲಿಗೆ ಅಷ್ಟು ಉತ್ಸಾಹ ಇರುವುದಿಲ್ಲವೆಂದು ಅರ್ಜಿದಾರನು ತಿಳಿಸಿದ್ದು ದಾಖಲಾಗಲಿಲ್ಲ. ಅಳಿಯ ತಲೆ ತಗ್ಗಿಸಿ ನಿಂತಿದ್ದ ಕಾರಣ ಮತ್ತು ಮಗಳ ಮುಖ ಕಣ್ಣ ಮುಂದೆ ಬಂದ ಕಾರಣ, ಅರ್ಜಿದಾರನು ರುಜು ಹಾಕಿದನು.

4. ಅಂದಿನಿಂದ ಅವನ ಗಾಡಿ ಹತ್ತುವವರೆಲ್ಲ ಬಗ್ಗಿ ಅಚ್ಚು ನೋಡುತ್ತಾರೆ. "ಕಡಾಣಿ ಐತಾ ತಾತ? ಇಲ್ಲಾಂದ್ರೆ ಯೋಳ್ಬುಡು, ನಾವು ನಡ್ಕಂಡೇ ಓಯ್ತೀವಿ" ಎನ್ನುತ್ತಾರೆ. ಅರ್ಜಿದಾರನಿಗೆ ಊಟ ರುಚಿಸುತ್ತಿಲ್ಲ.

5. ಇತ್ತ ತಮ್ಮ ಲಾರಿಯು ಬ್ರೇಕ್ ಒತ್ತಿದಾಗಲೆಲ್ಲ ಅರಚತೊಡಗಿತು. ಚನ್ನರಾಯಪಟ್ಟಣದ ಫಿಟ್ಟರ್ ಚಲುವಯ್ಯ ಎರಡು ಸಲ ಲೈನರ್ ಬದಲಾಯಿಸಿದನು. ತಮ್ಮಯ್ಯ ನಿಂಬೆಹಣ್ಣು ಕಟ್ಟಿದನು. ಲಾರಿಯು ನಿಂಬೆಹಣ್ಣನ್ನು ಲೆಕ್ಕಿಸಲಿಲ್ಲ.

6. ಗಾಡಿಗೆ ಹೊಸ ಅಚ್ಚು ತರಲು ಅರ್ಜಿದಾರನು ಮೊನ್ನೆ ಶುಕ್ರವಾರ ಅದೇ ಲಾರಿಯಲ್ಲಿ ಕುಳಿತು ಚನ್ನರಾಯಪಟ್ಟಣಕ್ಕೆ ಹೋದನು. ಇಳಿಜಾರಿನಲ್ಲಿ ತಮ್ಮಯ್ಯ ಬ್ರೇಕ್ ಒತ್ತಿದಾಗ ಆ ಅರಚಾಟಕ್ಕೆ ಅರ್ಜಿದಾರನು ಕಿವಿಗೊಟ್ಟನು. ಆ ದನಿ ಅವನಿಗೆ ಗೊತ್ತಿದ್ದದ್ದು. ಅರಕಲಗೂಡಿನ ಕಮ್ಮಾರ ನಂಜಯ್ಯ ಹಳೆಯ ನೇಗಿಲ ಗುಳವನ್ನು ಕಾಸಿ ಬಡಿದುಕೊಟ್ಟ ಆ ಕಡಾಣಿ, ಇಳಿಜಾರಿನಲ್ಲಿ ಗಾಲಿ ಒತ್ತಿ ಬಂದರೆ ಗಾಡಿಯಲ್ಲೂ ಹೀಗೇ ನರಳುತ್ತಿತ್ತು. ಇನ್ನೊಂದು ಸಲ ಒತ್ತಿಸಿದನು. ಆಮೇಲೆ ಇಳಿದು, ಬ್ರೇಕನ್ನು ಅರೆ ಒತ್ತಿಸಿಕೊಂಡೇ ಲಾರಿಯನ್ನು ಮೆಲ್ಲಗೆ ಬಿಡಿಸಿ, ಪಕ್ಕದಲ್ಲೇ ನಡೆದು ಕೇಳಿದನು. ಗಾಲಿ ಒಂದು ಸುತ್ತು ಸುತ್ತಿದರೆ ಒಂದು ಕೂಗು. ಮುಂದಿನ ಬಲಗಾಲಿ.

7. ಚನ್ನರಾಯಪಟ್ಟಣ ತಲುಪಿ ಇದನ್ನು ಹೇಳಿದಾಗ ಚಲುವಯ್ಯ ನಕ್ಕನು. "ಎತ್ತಿನ ಗಾಡೀಗೆ ಬ್ರೇಕ್ ಎಲ್ಲೈತೆ ಯಜಮಾನ? ನಿಂಗೆ ಎಂಗ್ ಗೊತ್ತಾಯ್ತದೆ?"

"ಇಲ್ಲ ಕಣಪ್ಪ. ಅದ್ಕೇ ಕಿವಿ ಇಟ್ಕಂಡಿದೀವಿ."

"ಆ ಗಾಲೀನ ನಾನೇ ಬಿಚ್ಚಿದೀನಿ. ಒಳಗೆಲ್ಲ ನೋಡಿದೀನಿ."

"ಇಂದ್ಗಡೆ ನೋಡಿದ್ಯಾ?"

ಚಲುವಯ್ಯ ನೋಡಿರಲಿಲ್ಲ. ಗಾಲಿಯೊಳಗಿನ ಬ್ರೇಕ್ ಡ್ರಮ್ಮಿನ ಹಿಂಬದಿಯಲ್ಲಿ, ಮಣ್ಣು ಗ್ರೀಸು ಮೆತ್ತಿಕೊಂಡು, ಕಡಾಣಿ ಸಿಕ್ಕಿಕೊಂಡಿತ್ತು. ಬ್ರೇಕ್ ಒತ್ತಿ ಲಾರಿಯ ಮೂತಿ ಬಗ್ಗಿದಾಗ ಅದರ ತುದಿ ಡ್ರಮ್ಮಿಗೆ ತಾಗುತ್ತಿತ್ತು. ಚಲುವಯ್ಯ ಅದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟನು. ಇದಕ್ಕೆ ಅರ್ಜಿದಾರನು ಅವನನ್ನು ಮೆಚ್ಚಿಕೊಂಡಿದ್ದಾನೆ.

8. ಅದನ್ನು ನೋಡಿ ತಮ್ಮಯ್ಯ ಲಾರಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟನು. "ಮಾವ, ಅವತ್ತು ಬಾಯಲ್ಲಿ ಬೀಡಿ ಇತ್ತು. ಎದ್ರಿಗೆ ನೀವು ಬಂದ್ರಿ. ನಿಮ್ ಮುಂದೆ ಎಂಗ್ ಸೇದಾನ ಅಂತ ಕೆಳಕ್ಕೆ ಮುಚ್ಚಿಡಾಕೋದೆ. ತೊಡೆ ಮ್ಯಾಲೆ ಬಿತ್ತು. ಉಜ್ಕಂಡು ತಲೆ ಎತ್ತದ್ರೊಳಗೆ ಗಾಡಿ ಬಂದ್ಬುಡ್ತು."

"ಗಾಡಿ ಬರ್ಲಿಲ್ಲ ಕಣ್ಲಾ. ನೀನು ಬಂದೆ."

"ಊ ಮಾವ. ನಾನೇ ಬಂದೆ."

ಇದನ್ನು ತಮಗೆ ತಿಳಿಸಲು ತಮ್ಮಯ್ಯನೇ ಒಪ್ಪಿದ್ದಾನೆ. ಒಪ್ಪುವ ಮುಂಚೆ ಕೆಲಸ ಹೋಗುತ್ತದೆಂದು ಒಂದು ದಿನ ಹಿಂದೆಮುಂದೆ ನೋಡಿದನು.

9. ಮೇಲ್ಕಂಡ ಕಾರಣಗಳಿಂದ ಅಪಘಾತವು ಅಳಿಯನು ಮಾವನಿಗೆ ತೋರಿಸಿದ ಮರ್ಯಾದೆಯಿಂದಲೇ ಆದದ್ದೆಂದು ತಿಳಿದುಬರುತ್ತದೆ. ಬೇರೆ ಯಾರ ಗಾಡಿ ಬಂದಿದ್ದರೂ ತಮ್ಮಯ್ಯ ನೆಮ್ಮದಿಯಾಗಿ ಬೀಡಿ ಸೇದಿಕೊಂಡು ನೆಟ್ಟಗೆ ಹೋಗುತ್ತಿದ್ದನು.

ಆದ್ದರಿಂದ ತಾವು ದಯಮಾಡಿ,

ಅ) "ಕಡಾಣಿ ಇರಲಿಲ್ಲವಾಗಿ" ಎಂಬುದನ್ನು ಹೊಡೆದುಹಾಕಿ, ಅದೇ ಗುಮಾಸ್ತರ ಕೈಯಲ್ಲಿ "ಕಡಾಣಿ ಇತ್ತು" ಎಂದು ಬರೆಸಿ, ಹಿರೀಸಾವೆಯ ಹೋಟೆಲಿನ ಮುಂದೆ, ಜನ ಕಾಫಿ ಕುಡಿಯುವ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿಸಬೇಕು.

ಆ) ತಮ್ಮಯ್ಯನನ್ನು ಕೆಲಸದಲ್ಲೇ ಇಟ್ಟುಕೊಳ್ಳಬೇಕು. ತಪ್ಪನ್ನು ಯಾರ ಮೇಲಾದರೂ ಹಾಕಲೇಬೇಕಿದ್ದರೆ ಮೋರಿಯ ಮೇಲೆ ಹಾಕಬಹುದು. ಅದು ಇಕ್ಕಟ್ಟಾಗಿದೆ, ಅದಕ್ಕೆ ಹೆಂಡತಿ ಮಕ್ಕಳಿಲ್ಲ.

ಇ) ಎರಡರಲ್ಲಿ ಒಂದೇ ಆಗುವುದಾದರೆ (ಆ) ಆಗಲಿ. ಆಗ ಅರ್ಜಿದಾರನು (ಅ) ಬಗ್ಗೆ ಮತ್ತೊಂದು ಅರ್ಜಿ ಬರೆಯುತ್ತಾನೆ, ಅವನಿಗೆ ಅವಸರವಿಲ್ಲ.

ಇಂತಿ, ತಮ್ಮ ನಂಬಿಕೆಗೆ ಇನ್ನೂ ಕಾದಿರುವ ವಿಶ್ವಾಸಿ,
(ರುಜು) ಮಂಚಯ್ಯ

ಲಗತ್ತು:
1. ಕಡಾಣಿ, ಒಂದು. ಸೊಟ್ಟಗಾಗಿದೆ. ನೋಡಿದ ಮೇಲೆ ವಾಪಸು ಕೊಡತಕ್ಕದ್ದು.
2. ಮಾವನು ಎದುರಿಗೆ ಬಂದಾಗ ಬೀಡಿ ಬಚ್ಚಿಡಬೇಕಾಗಿಲ್ಲವೆಂದು ಅಳಿಯ ತಮ್ಮಯ್ಯನಿಗೆ ಅರ್ಜಿದಾರನು ಬರೆದುಕೊಟ್ಟ ಅನುಮತಿ ಪತ್ರ. ಇದು ಲಾರಿ ಓಡಿಸುತ್ತಿರುವಾಗ ಮಾತ್ರ; ಮನೆಯ ಜಗಲಿಗೆ ಅನ್ವಯಿಸುವುದಿಲ್ಲ.