ಪಖ್ತೂನ್ ಭಾಯಿಯ ಹತ್ತು ನಿಮಿಷ

"ನೀವು ಮೂಲತಃ ಎಲ್ಲಿಯವರು?" ಅಂತ ಯಾರಾದರೂ ಯಾರನ್ನಾದರೂ ಕೇಳಿದರೆ ಸಾಕು, ಟೆಕ್ಸಸ್‌ನಲ್ಲಿ ಒಂದು ಪ್ರಸಂಗ ನಡೆದೇ ತೀರುತ್ತದೆ. ಇಂಥವನ್ನು ಬೇಕಾದಷ್ಟು ಕಂಡಿದ್ದೇನೆ. ಈ ನಾಲ್ಕು ಮಾತ್ರ ಒಂದೇ ತಿಂಗಳಲ್ಲಿ, ಒಬ್ಬನೇ ಮನುಷ್ಯನಿಂದ ಆದವು.

೧. ಹೆಸರು

ನಾವಿರುವ ಯೂಲೆಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯವನು ಪೇಶಾವರದವನು, ಏರ್‌ಪೋರ್ಟಿನಲ್ಲಿ ವಿಮಾನದ ಮೆಕ್ಯಾನಿಕ್. ನಾವಿಬ್ಬರೂ ಮಾತಾಡುವುದು ಹಿಂದಿಯಲ್ಲಿ; ಅವನು ಅದನ್ನೇ ಉರ್ದು ಅನ್ನುತ್ತಾನೆ. ಅವನಿಗೆ ನಾನು ಭಾಯಿ, ನನಗೆ ಅವನು ಭಾಯಿ. ಒಂದು ಶನಿವಾರ ಬೇಲಿಯ ಹತ್ತಿರ ಬಂದು ನಿಂತ. ಮುಖ ಇಳಿದುಹೋಗಿತ್ತು.

"ಆಸ್ಟಿನ್‌ನಲ್ಲಿ ಓದುವ ನನ್ನ ಮಗಳು ಸಿಕ್ಕಿಹಾಕಿಸಿದ್ದಾಳೆ ಭಾಯಿ. ಅವಳ ಕಾಲೇಜಿನಲ್ಲಿ ನಾನು ಹತ್ತು ನಿಮಿಷ ಭಾಷಣ ಮಾಡಬೇಕಂತೆ. ನಾವು ಎಲ್ಲಿಂದ ಬಂದವರು, ನಮ್ಮ ಹೆಸರು ಹೇಗೆ ಬಂತು ಅಂತ. ಇಂಜಿನ್ ಬಿಚ್ಚು ಅಂದರೆ ಬಿಚ್ಚುತ್ತೇನೆ. ಇದು ಹೇಗೆ? ಅವಳ ಸ್ನೇಹಿತರ ಮುಂದೆ ತೊದಲಿದರೆ ಅವಳ ಮರ್ಯಾದೆ ಹೋಗುತ್ತೆ."

"ಅದಕ್ಕೇನು, ಪಠಾಣರು ಅಂದರೆ..." ಎಂದು ಶುರುಮಾಡಿದೆ.

"ಪಠಾಣ ಅಂತ ಕರೆಯೋದು ನೀವು ಹಿಂದೂಸ್ತಾನದವರು. ಕಂದಹಾರದ ಕಡೆ ಪಶ್ತೂನ್, ನಮ್ಮ ಕಡೆ ಪಖ್ತೂನ್."

ನನಗೆ ನಾಚಿಕೆಯಾಯಿತು. ದೆಹಲಿಯಲ್ಲಿದ್ದಾಗ ನನ್ನನ್ನು ಎಲ್ಲರೂ ಮದ್ರಾಸಿ ಅನ್ನುತ್ತಿದ್ದರು, ನಾಲ್ಕು ವರ್ಷ ಒಳಗೊಳಗೇ ಕುದ್ದಿದ್ದೆ. ಅದನ್ನು ಹೇಳಿ, ಎರಡು ವರ್ಷದಿಂದ ಅವನನ್ನು ಪಠಾಣ ಅಂದಿದ್ದಕ್ಕೆ ಕ್ಷಮೆ ಕೇಳಿದೆ.

ಅವನು ತಲೆ ಕೆರೆದುಕೊಂಡ. "ಬಿಡು ಭಾಯಿ. ನಮ್ಮ ಮನೆಯಲ್ಲಿ ನಿನ್ನ ಹೆಸರು ಮದ್ರಾಸಿ ಅಂತಲೇ ಇರೋದು."

೨. ಉಗುಳು

ಆಗ ಡಿಎನ್‌ಎ ಕಿಟ್ ತರಿಸುವ ಹುಚ್ಚು ಎಲ್ಲರಿಗೂ ಹತ್ತಿತ್ತು. ಕೊಳವೆಗೆ ಉಗುಳಿ ಪೋಸ್ಟ್ ಮಾಡಿದರೆ ನಿಮ್ಮ ಮೂಲ ಹೇಳಿಬಿಡುತ್ತಾರೆ. ಭಾಷಣಕ್ಕೆ ಆಧಾರ ಇರಲಿ ಅಂತ ಭಾಯಿಯೂ ಒಂದು ತರಿಸಿ, ನನ್ನನ್ನು ಊಟಕ್ಕೆ ಕರೆದಿದ್ದ ದಿನ, ಜೊತೆಯಲ್ಲೇ ಇರುವ ತನ್ನ ತಂದೆಯ ಮುಂದೆ ಹಿಡಿದ. ಮುದುಕರು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನನಗೆ ಗೊತ್ತಿಲ್ಲದ್ದು ನನ್ನ ಉಗುಳಿಗೆ ಗೊತ್ತಾ?"

ಆಮೇಲೆ ಕಣ್ಣು ಮುಚ್ಚಿ ತಂದೆ, ತಾತ, ಮುತ್ತಾತ ಅಂತ ಹದಿನಾಲ್ಕು ಹೆಸರು ಒಂದೇ ಉಸಿರಿಗೆ ಹೇಳಿದರು. ಪಖ್ತೂನರೆಲ್ಲ ಒಬ್ಬನೇ ಮೂಲಪುರುಷನ ಸಂತಾನ, ಅವನ ಹಿರಿಯರು ಇಸ್ರೇಲಿನ ಕುಲದವರು ಅಂತಲೂ ಸೇರಿಸಿದರು. ಇದನ್ನು ಬಹಳ ಇತಿಹಾಸಕಾರರು ಒಪ್ಪುವುದಿಲ್ಲ ಎಂದು ಓದಿದ್ದೆ. ಆ ಗಡ್ಡದ ಮುಂದೆ ಹೇಳಲು ಧೈರ್ಯ ಬರಲಿಲ್ಲ.

"ಈಗ ನಿನ್ನವರ ಹೆಸರು ಹೇಳು," ಎಂದರು.

ನನ್ನದು ಮೂರಕ್ಕೇ ನಿಂತಿತು. ಶ್ರಾದ್ಧದಲ್ಲಿ ಪುರೋಹಿತರು ಕೇಳುವುದೇ ಅಷ್ಟು. ಅನಾಥ ಅಂದುಕೊಂಡರೋ ಏನೋ, ಮುದುಕರು ನನ್ನ ತಟ್ಟೆಗೆ ಇನ್ನೊಂದು ನಾನ್ ರೊಟ್ಟಿ ಹಾಕಿದರು.

೩. ನಮ್ಮವರು

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ನನಗೆ ಪರಿಚಯದ ಹೃದಯದ ಡಾಕ್ಟರ್ ಅಂಕಲ್ ಇದ್ದಾರೆ, ಧಾರವಾಡದವರು. ರಿಟೈರ್ ಆದಮೇಲೆ ಹೃದಯ ಬಿಟ್ಟು ಇತಿಹಾಸಕ್ಕೆ ಕೈಹಾಕಿದ್ದಾರೆ. ಭಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ವೇದಕಾಲದಲ್ಲಿ ಪಕ್ಥ ಅಂತ ಒಂದು ಕುಲ ಇತ್ತು," ಎಂದರು ಅಂಕಲ್. "ಗ್ರೀಕರೂ ಆ ಕಡೆಯ ಜನಕ್ಕೆ ಅಂಥದ್ದೇ ಹೆಸರು ಬರೆದಿದ್ದಾರೆ. ಅದೇ ಪಖ್ತೂನ್. ಮುಗೀತು!"

"ಖಚಿತವಾ ಡಾಕ್ಟರ್ ಸಾಹೇಬ್?"

"ಕೆಲವು ಪಂಡಿತರು ಅಲ್ಲ ಅಂತಾರೆ. ಅವರ ಮಾತು ಬಿಡಿ." ಅಂಕಲ್ ಎದ್ದು ಭಾಯಿಯನ್ನು ತಬ್ಬಿಕೊಂಡರು. "ನೀವು ನಮ್ಮವರೇ!"

ಭಾಯಿಯ ಕಣ್ಣು ತುಂಬಿತು. ಚಹಾ ತಂದ ಆಂಟಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಂವಗ ಹೇಳಬ್ಯಾಡ್ರಿ ಮತ್ತ. ಹ್ವಾದ ವಾರ ಹುಲ್ಲು ಕತ್ತರಿಸಾಕ ಬಂದ ಮೆಕ್ಸಿಕೋದಂವಗೂ ಹಿಂಗ ತಬ್ಕೊಂಡಾರ."

೪. ಆಸ್ಟಿನ್

ಭಾಷಣದ ದಿನ ನಾವೆಲ್ಲ ಹೋದೆವು. ಮುದುಕರೂ ಬಂದರು, ಅಂಕಲ್ಲೂ ಮೂರು ಗಂಟೆ ಡ್ರೈವ್ ಮಾಡಿ ಬಂದರು. ಮಗಳು ಮುಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದಳು. ಭಾಯಿ ವೇದಿಕೆ ಹತ್ತಿದ. ಬರೆದುಕೊಂಡು ಬಂದಿದ್ದ ಕಾಗದವನ್ನು ಒಮ್ಮೆ ನೋಡಿದ. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನನ್ನ ತಂದೆ ಒಂದು ಹೇಳುತ್ತಾರೆ, ಪುಸ್ತಕ ಇನ್ನೊಂದು ಹೇಳುತ್ತೆ. ಡಾಕ್ಟರ್ ಸಾಹೇಬರು ಮೂರನೆಯದು ಹೇಳಿದರು. ಯಾವುದು ನಿಜ ಅಂತ ನನಗೆ ಗೊತ್ತಿಲ್ಲ. ಹದಿನಾಲ್ಕು ತಲೆಮಾರು ಗೊತ್ತು, ಅವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಮನೆಗೆ ಬಂದವರಿಗೆ ಊಟ ಹಾಕಿದರು, ಬದುಕಿದರು."

ಮೊದಲು ಚಪ್ಪಾಳೆ ತಟ್ಟಿದವಳು ಮಗಳು.

ಅಂಕಲ್ ಸುಮ್ಮನಿರಬೇಕಲ್ಲ. ಎದ್ದು "ಪಕ್ಥ!" ಅಂದರು. ಭಾಯಿಗೆ ಈಗ ಧೈರ್ಯ ಬಂದಿತ್ತು. "ಸರಿ ಸಾಹೇಬ್, ನಿಮ್ಮ ಕನ್ನಡ ಅನ್ನೋ ಹೆಸರು ಎಲ್ಲಿಂದ ಬಂತು?"

"ಕರಿ ಮಣ್ಣಿನ ನಾಡು!" ಅಂದರು ಅಂಕಲ್. ಅಲ್ಲ, ಕರು ಅಂದರೆ ಎತ್ತರ, ಎತ್ತರದ ನಾಡು ಅಂದೆ ನಾನು. ಹಿಂದಿನಿಂದ ಮೈಸೂರಿನ ಹುಡುಗಿಯೊಬ್ಬಳು ಎದ್ದು, "ಇಬ್ಬರೂ ತಪ್ಪು ಅಂಕಲ್, ಕಮ್ಮಿತ್ತು ನಾಡು, ಪರಿಮಳದ ನಾಡು" ಅಂದಳು. "ಏನ್ ಪರಿಮಳ ರೀ! ಹೊಲದಾಗ ಇಳದು ನೋಡೀರೇನು?" ಎಂದು ಅಂಕಲ್ ಅಚ್ಚ ಧಾರವಾಡಕ್ಕೆ ಇಳಿದರು. ಕಾಲೇಜಿನವರು ಮೈಕ್ ಕಸಿದುಕೊಂಡರೂ ನಾವು ನಿಲ್ಲಿಸಲಿಲ್ಲ.

ಇಂಗ್ಲಿಷಾಗಲಿ ಕನ್ನಡವಾಗಲಿ ಬಾರದ ಮುದುಕರು ಗಾಬರಿಯಾಗಿ ಮಗನನ್ನು ಕೇಳಿದರಂತೆ, "ಇವರು ಯಾತಕ್ಕೆ ಜಗಳ ಆಡ್ತಿದ್ದಾರೆ?"

"ತಮ್ಮ ಹೆಸರು ಎಲ್ಲಿಂದ ಬಂತು ಅಂತ."

ಮುದುಕರು ನಿರಾಳವಾಗಿ ಒರಗಿಕೊಂಡರಂತೆ. "ಹಾಗಾದರೆ ಡಾಕ್ಟರ್ ಹೇಳಿದ್ದು ಸರಿ. ಇವರು ನಮ್ಮವರೇ."