ಮಾಮಾನ ಹಗೇವಿನ ಚೀಜು

ನಮ್ಮ ಮಾಮಾ ಸತ್ತವರ ಜೋಡಿ ಮಾತಾಡತಿದ್ದ. ಹಿಂಗಂದಕೂಡಲೇ ಎದಿ ಮ್ಯಾಲ ಕೈ ಇಟ್ಟಕೋಬ್ಯಾಡ್ರಿ. ಸತ್ತವರು ತಿರುಗಿ ಮಾತಾಡತಿದ್ದರೋ ಇಲ್ಲೋ, ಅದನ್ನ ಆಮ್ಯಾಲ ಹೇಳತೇನಿ!

ಇದು ಎಪ್ಪತ್ತೈದು-ಎಪ್ಪತ್ತಾರರ ಮಾತು. ಮಾಮಾ ಅಂದರ ನಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ. ಧಾರವಾಡಕ್ಕ ಹೋಗಿ ಹಾಲಿನ ಶಾಸ್ತ್ರ ಓದಿ ಬಂದಾವ. ನಾ ಆಗ ಸಿಂದಗ್ಯಾಗ ಅವನ ಮನ್ಯಾಗ ಇದ್ದು ಸಾಲ್ಯಾಗ ಕಲಸೂ ಅಕ್ಕೋರಾಗಿದ್ದೆ. ನಮ್ಮ ಕಡೆ ಸ್ವಾದರಮಾವ ಅಂದರ ಮಾವನೂ ಹೌದು, ಹಣೇಬಾರದಾಗ ಇದ್ದರ ಗಂಡನೂ ಹೌದು! ಹಿರ್ಯಾರು ನನ್ನ ಲಗ್ನದ ಮಾತು ತಗದಾಗ ಇವ, "ನನಗ ಮೊದಲ ಮನಿ ತುಂಬ ಗಡಿಗಿ ಅದಾವು, ಇನ್ನ ಈಕಿನ್ನ ಯಾರು ಸಂಭಾಳಸಬೇಕು?" ಅಂದನಂತ. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಗಡಿಗಿ ಯಾಕ ಅಂತೀರಿ? ನಮ್ಮ ಆಯಿ, ಅಂದರ ಅವನ ಅವ್ವ, ಹಾಕಿದ ಮೊಸರಿಗೆ ಎಳಿ ಬರತಿತ್ತು. ಚಮಚಾ ಎತ್ತಿದರ ನೂಲಿನಂಗ ಗೇಣುದ್ದ ಎಳಿ! ಸೊಸ್ತೇರು ಲೋಳಿ ಅಂತ ಮೂಗು ಮುರೀತಿದ್ದರು, ಮಾಮಾ ಬೆರಳ ಚೀಪತಿದ್ದ. ಆಯಿ ತೀರಿಕೊಂಡಾಗ ಅವ ಧಾರವಾಡದಾಗ ಪರೀಕ್ಷಾ ಬರ್ಯಾಕತ್ತಿದ್ದ. ತಾರು ಮುಟ್ಟಿ, ಅವ ಸಿಂದಗಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ಮುಖಾನೂ ಸಿಗಲಿಲ್ಲ. ಸೂತಕದ ಮನಿ ಅಂತ ಮೊಸರಿನ ಗಡಿಗೀನೂ ತಿಪ್ಪಿಗೆ ಒಗದಿದ್ದರು. "ಹೆಪ್ಪರೆ ಉಳಿಸಬಾರದಿತ್ತೇನ?" ಅಂತ ತಿಪ್ಪಿ ಮುಂದ ಕುಂತು ಅತ್ತನಂತ.

ಅವತ್ತಿನಿಂದ ಅವನಿಗೆ ಒಂದ ಹುಚ್ಚು. ಆಯಿ ಕೈಯಿಂದ ಹೆಪ್ಪ ಒಯ್ದವರು ಎಷ್ಟ ಮಂದಿಲ್ಲ! ಯಾರದರೆ ಮನ್ಯಾಗ ಆ ಎಳಿ ಇನ್ನೂ ಜೀವಂತ ಇರಬೇಕಲ್ಲ? ಅದನ್ನ ಹುಡುಕಾಕ ಅಂತ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಿ, ನೆಂಟರ ಮನಿಮನಿ ಹೆಪ್ಪ ಬೇಡಿ ತರತಿದ್ದ. ಮಂದಿ ಹೆಣ್ಣ ನೋಡಾಕ ಹೋದರ ಇವ ಮೊಸರ ನೋಡಾಕ ಹೋಗತಿದ್ದ!

ಯಾರ ಮನಿ ಹೆಪ್ಪೋ ಗಡಿಗಿಗೆ ಅವರ ಹೆಸರು. ದಿನಾ ಹೊಸಾ ಹಾಲು ಕಾಣಸಲಿಲ್ಲ ಅಂದರ ಒಳಗಿನ ಹುಳ ಸಾಯ್ತಾವಂತ. ಒಮ್ಮೆ ಊಟಕ್ಕ ಕುಂತ ಬೀಗರಿಗೆ ತಿಳಿಸಿ ಹೇಳಿದ: "ಹುಳಾ ಅಂದರ ಅಂಥಾ ಹುಳ ಅಲ್ಲರಿ. ಕಣ್ಣಿಗೆ ಕಾಣೂದಿಲ್ಲ. ಹಾಲು ಹುಳಿ ಮಾಡೂವು ಅವ. ಒಂದ ಚಮಚಾದಾಗ ಕೋಟಿಗಟ್ಟಲೆ ಇರತಾವ. ಹೊಟ್ಯಾಗ ಹೋಗಿ ಕೆಟ್ಟ ಹುಳದ ಜೋಡಿ ಕುಸ್ತಿ ಹಿಡೀತಾವ." ಬೀಗರು ಮಜ್ಜಿಗಿ ಬಿಟ್ಟು ಕೈ ತೊಳಕೊಂಡರು.

ಮತ್ತೊಮ್ಮೆ ಇಂಡಿಯಿಂದ ಬಸ್ಸಿನಾಗ ಬರಾಕತ್ತಿದ್ದಿವಿ. ಮಾಮಾನ ತೊಡಿ ಮ್ಯಾಲ ಕೌದಿ ಸುತ್ತಿದ ಗಡಿಗಿ. ಕಂಡಕ್ಟರ್ ಬಂದ.

"ಏನ್ರೀ ಅದು?"

"ಗಂಗವ್ವ."

"ಯಾವ ಗಂಗವ್ವರಿ?"

"ಇಂಡಿ ಗಂಗವ್ವ. ನಿನ್ನೆ ತೀರಿಕೊಂಡ್ಲರಿ. ಸಿಂದಗಿಗೆ ಒಯ್ಯಾಕತ್ತೇನಿ. ಬ್ರೇಕ್ ಮೆಲ್ಲಕ ಹಾಕಾಕ ಹೇಳ್ರಿ, ಅಲುಗಿದರ ಒಡೀತಾಳ."

ಪಾಪ, ಆ ಮುದುಕಿ ಸಾಯೂ ಮೊದಲ ಹೆಪ್ಪ ಕೊಟ್ಟಿದ್ದಳು. ಆ ಮಾತು ಹೇಳೂದ ಮರತ! ಅಷ್ಟರಾಗ ಕೌದಿ ಒಳಗಿಂದ "ಪುಳುಕ್" ಅಂತ ಸಪ್ಪಳ ಬಂತು. ಸುತ್ತಲಿನ ಸೀಟೆಲ್ಲಾ ಖಾಲಿ ಆತು ನೋಡ್ರಿ. ನಾ ಕಾಲ ಚಾಚಿಕೊಂಡು ಸಿಂದಗಿತನಕಾ ಬಂದೆ.

ಬ್ಯಾಸಗಿ ಝಳಕ್ಕ ಗಡಿಗಿ ಕೆಡತಾವ ಅಂತ ಎಲ್ಲಾನೂ ಅಂಗಳದಾಗಿನ ಹಗೇವಿಗೆ ಇಳಿಸಿದ. ಹಗೇವು ಅಂದರ ನೆಲಾ ತೋಡಿ ಜ್ವಾಳ ತುಂಬಿಡೂ ತಗ್ಗು. ಒಬ್ಬ ಮನಷ್ಯಾ ಇಳಿಯೂವಷ್ಟ ಬಾಯಿ, ಒಳಗ ಕತ್ತಲಿ, ತಂಪು. ಅದರಾಗ ಒಂದ ಹೊಸಾ ಪ್ರಯೋಗ ಬ್ಯಾರೆ! ಪರದೇಶದವರು ತಿನ್ನೂ ಚೀಜು ಮಾಡತೇನಂತ ಒಡದ ಹಾಲಿನ ಗಡ್ಡಿ ಬಿಳಿ ಅರಿವ್ಯಾಗ ಕಟ್ಟಿ ಸಾಲಾಗಿ ತೂಗಹಾಕಿದ.

ಬಾಜೂ ಮನಿ ಸಾವಂತ್ರೆವ್ವ ಮಟಮಟ ಮಧ್ಯಾಹ್ನ ಎಣ್ಣಿ ಕಡಾ ಕೇಳಾಕ ಬಂದಳು. ಅಂಗಳದಾಗ ಯಾರೂ ಇಲ್ಲ. ನೆಲದೊಳಗಿಂದ ಮಾತು: "ಗಂಗವ್ವಾ, ಮೈ ಯಾಕ ಇಷ್ಟ ತಣ್ಣಗಾಗೇತಿ? ಹೊಚ್ಚಲೇನ?" ಬಗ್ಗಿ ನೋಡಿದಳು. ಕಂದೀಲ ಬೆಳಕಿನಾಗ ಬಿಳೇ ಗಂಟು ತೂಗಾಡಾಕತ್ತಿದ್ದವು.

"ಏ ತಮ್ಮಾ, ಅದೇನೋ ಅದು?"

"ಚೀಜ್ ರಿ!"

ನಮ್ಮ ಕಡೆ ಚೀಜು ಅಂದರ ವಸ್ತು. ಹೊತ್ತ ಮುಣಗಿದ ಮ್ಯಾಲ ಹೆಸರು ಹೇಳಬಾರದು ಅಂತೀವಲ್ಲ, ಹುಣಸಿ ಗಿಡದಾಗಿಂದು, ಅದಕ್ಕೂ ಚೀಜೇ! ಸಾವಂತ್ರೆವ್ವ ಗಿಂಡಿ ಅಲ್ಲೇ ಒಗದು ಓಡಿದಳು. ಮೂರ ದಿನ ಚಳಿಜ್ವರ. ಮಾಮಾ ಸಮಾಧಾನ ಹೇಳಾಕ ಹೋದ: "ಹೆದರಬ್ಯಾಡ್ರಿ ಅಕ್ಕಾರ, ಚೀಜು ಇನ್ನೂ ಎಳೇದೈತಿ. ಬಲಿಯಾಕ ಆರ ತಿಂಗಳ ಬೇಕು!" ಜ್ವರ ಮತ್ತ ಮೂರ ದಿನ ಏರಿತು.

ನಕ್ಕೋತ ಹೇಳಾಕತ್ತೇನಿ ಖರೇ, ಒಂದಿನ ನನ್ನ ನಗೀನೂ ನಿಂತಿತು. ಚಹಾಕ್ಕ ಕರ್ಯಾಕ ಹಗೇವಿಗೆ ಇಳಿದಿದ್ದೆ. ಗಂಟಿನಿಂದ ಟಪ್ ಟಪ್ ನೀರು. ಮಾಮಾ ಹಾಜರಿ ತಗೊಂಡಂಗ ಒಬ್ಬೊಬ್ಬರ ಹೆಸರು ಕೂಗತಿದ್ದ. ಹೆಸರು ಕೂಗಿದ ಗಡಿಗ್ಯಾಗ "ಪುಳುಕ್". ನನ್ನ ಮೈಯಾಗ ಮುಳ್ಳೆದ್ದವು. "ಗ್ಯಾಸ್ ಅದು, ಹುಚ್ಚಿ" ಅಂದ. ಕಡೀಕ ಮೂಲ್ಯಾಗಿನ ಗಡಿಗಿ ಮುಂದ ಕುಂತು, "ಅವ್ವಾ" ಅಂದ. ಆ ಗಡಿಗಿ ಖಾಲಿ. ಆಯಿ ಹೆಪ್ಪ ಸಿಕ್ಕರ ಇರಲಿ ಅಂತ ತೊಳದು ಇಟ್ಟಿದ್ದು. ಅದರಾಗಿಂದನೂ ಸಪ್ಪಳ ಬಂತು!

"ಇದು ಯಾವ ಗ್ಯಾಸ್, ಮಾಮಾ?" ಅಂದೆ.

ಅವ ಖಾಲಿ ಗಡಿಗಿ ಮ್ಯಾಲ ಕೈ ಇಟ್ಟ. "ಎಲ್ಲೋ ಅದಾಳ. ಯಾರರೆ ಚೆಲ್ಲೂದ್ರಾಗ ನಾ ಮುಟ್ಟಬೇಕು, ಅಷ್ಟ" ಅಂದ. ಆ ಸಪ್ಪಳಾ ಎಲ್ಲಿಂದ ಬಂತಂತ ಇವತ್ತಿಗೂ ನನಗ ಗೊತ್ತಿಲ್ಲ.

ಸಿಂದಗ್ಯಾಗ ಒಬ್ಬಾಂವ ಸತ್ತ ಹೆಂಗಸರನ್ನ ಗಡಿಗ್ಯಾಗ ಹಿಡಿದಿಡತಾನ ಅನ್ನೂ ಸುದ್ದಿ ಊರೂರು ತಿರುಗಿತು. ಅವನ ಹಂತ್ಯಾಕ ಭೂತಗನ್ನಡಿ ಇದ್ದದ್ದೂ ಖರೇನ; ಭೂತಾ ನೋಡಾಕ ಕನ್ನಡೀನೂ ಇಟ್ಟಾನ ಅಂದರು! ಹೆಪ್ಪ ಕೇಳಾಕ ಹೋದರ ಮಂದಿ ಬಾಗಲಾ ಹಾಕ್ಕೊಳ್ಳಾಕತ್ತಿದರು. ಹುಡುಕಾಟ ನಿಂತಿತು. ಮಾಮಾ ಸರಿಯಾಗಿ ಉಣ್ಣೂದ ಬಿಟ್ಟ. ನನಗ ಚಾಷ್ಟಿ ಮಾಡಾಕೂ ಮನಸ ಬರಲಿಲ್ಲ.

ಒಂದ ಮುಂಜಾನೆ ಎಪ್ಪತ್ತ ದಾಟಿದ ಮುದುಕಿ ಒಬ್ಬಾಕಿ, ತಲಿ ತುಂಬ ಸೆರಗು, ಬಗಲಾಗ ಅರಿವಿ ಸುತ್ತಿದ ಗಡಿಗಿ, ಬಂದು ಕಟ್ಟಿ ಮ್ಯಾಲ ಕುಂತಳು.

"ಸತ್ತವರನ್ನ ಗಡಿಗ್ಯಾಗ ಇಡಾಂವ ನೀನ ಏನಪಾ?"

ಮಾಮಾ ರೇಗಿದ. "ಇಲ್ಲಿ ಯಾರೂ ಇಲ್ಲ, ಹೋಗಬೇ!"

"ಅದು ನನಗೂ ಗೊತ್ತೈತಿ. ನಿಮ್ಮವ್ವ ಇಲ್ಲಿಲ್ಲ, ನನ್ನ ಕಡೆ ಅದಾಳ. ತಗೋ."

ಮುದ್ದೇಬಿಹಾಳದ ಹುಸೇನಬಿ ಅಂತ ಆಕಿ ಹೆಸರು. ಹೊಸದಾಗಿ ಲಗ್ನ ಆದಾಗ ನಮ್ಮ ಹಿತ್ತಲ ಗ್ವಾಡಿ ಆಚಿಕಿನ ಮನ್ಯಾಗ ಇದ್ದಳಂತ. ಅತ್ತಿ ಕಾಟಕ್ಕ ಅರೆಹೊಟ್ಯಾಗಿದ್ದ ಆ ಹುಡುಗಿಗೆ ನಮ್ಮ ಆಯಿ ಯಾರಿಗೂ ಗೊತ್ತಾಗದಂಗ ಗ್ವಾಡಿ ಮ್ಯಾಲಿಂದ ರೊಟ್ಟಿ-ಮೊಸರು ಕೊಡತಿದ್ದಳು. ಊರ ಬಿಡೂ ಮುಂದ ಒಂದ ಬಟ್ಟಲ ಹೆಪ್ಪಾನೂ ಕೊಟ್ಟಿದ್ದಳು. ನೆಂಟರ ಯಾದ್ಯಾಗ ಹುಡುಕಿದರ ಈಕಿ ಹೆಸರು ಎಲ್ಲಿ ಸಿಗಬೇಕು?

"ಸಾಯಗೊಡಬ್ಯಾಡ ಅಂದಿದ್ದಳು. ಇಷ್ಟ ವರ್ಷ ಸಾಯಗೊಟ್ಟಿಲ್ಲ. ಈಗ ನಮ್ಮ ಸೊಸಿ ಲೋಳಿ ಅಂತ ಚೆಲ್ಲಾಕ ನಿಂತಾಳ. ನಾ ಇನ್ನೆಷ್ಟ ದಿನಾ? ನಿನ್ನ ಸುದ್ದಿ ಕೇಳಿದೆ, ನೀನರೆ ಇಟಗೋತಿ ಅಂತ ತಂದೆ."

ಅರಿವಿ ಬಿಚ್ಚಿ ಬೆರಳ ಅದ್ದಿ ಎತ್ತಿದಳು. ಗೇಣುದ್ದ ಎಳಿ ಬಂತು.

ಮಾಮಾ ಏನೂ ಪರೀಕ್ಷಾ ಮಾಡಲಿಲ್ಲ. ಕಟ್ಟಿ ಕೆಳಗ, ಆಕಿ ಕಾಲ ಹಂತ್ಯಾಕ, ಹಂಗ ಕುಸದು ಕುಂತ. "ಅಯ್ಯ, ಎಷ್ಟ ಸೊರಗೀಯೋ" ಅಂತ ಹುಸೇನಬಿ ನನ್ನ ಕಡೆಯಿಂದ ಒಂದ ರೊಟ್ಟಿ ಇಸಗೊಂಡು, ಮುರದು, ಮೊಸರಾಗ ಕಲಸಿ ಅವನ ಬಾಯಿಗೆ ಇಟ್ಟಳು. ಕಣ್ಣಾಗ ನೀರ ಸುರಸಗೋತ ಅವ ಸಣ್ಣ ಕೂಸಿನಂಗ ಉಂಡ. ಇಷ್ಟ ದಿನಾ ನಕ್ಕೋತ ಬಂದಾಕಿ ನಾನೂ ಬಾಗಲಾಗ ನಿಂತು ಸೆರಗಿನಾಗ ಮುಖಾ ಮುಚ್ಚಿಕೊಂಡೆ.

"ಸಾಕೇನೋ?" ಅಂದಳು ಮುದುಕಿ.

ಮಾಮಾ ಬಾಯಿ ತಗದ. "ಇನ್ನೊಂದ ತುತ್ತ ಹಾಕ, ಯವ್ವಾ."